ಬಿಳಿಜೋಳದ ರೊಟ್ಟಿಗೆ ಆಧಾರ ಬೇಕು

ನನ್ನ ಲ್ಯಾಪ್‌ಟಾಪಿನ ಕೀಲಿಮಣೆಯ ಸಂದಿಯಲ್ಲಿ ಒಂದು ಎಳ್ಳು ಸಿಕ್ಕಿಕೊಂಡಿದೆ. ಊದಿದೆ, ಸೂಜಿ ಹಾಕಿ ಕೆದಕಿದೆ, ಯಂತ್ರವನ್ನು ಮಗುಚಿ ಹಿಡಿದು ಕೂಸಿಗೆ ತೇಗು ತರಿಸುವಂತೆ ಬೆನ್ನು ತಟ್ಟಿದೆ. ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ. ಅದು ಹೋಗಿ ಕೂತದ್ದಾದರೂ ಎಲ್ಲಿ? ಅಕ್ಷರ ಅಳಿಸುವ ಗುಂಡಿಯ ಕೆಳಗೆ. ಈಗ ನಾನು ಏನನ್ನಾದರೂ ಅಳಿಸಬೇಕೆಂದರೆ ಗುಂಡಿಯನ್ನು ಗುದ್ದಬೇಕು. ಇದು ಹೇಗಾಯಿತು ಎಂದು ನೀವು ಕೇಳಿದರೆ, ಸಜ್ಜೆ ರೊಟ್ಟಿ ಕಡಿಯುತ್ತ ಒಬ್ಬಳ ಲೇಖನದಲ್ಲಿ ಹುಳುಕು ಹುಡುಕುತ್ತಿದ್ದೆ ಎಂದು ಹೇಳಬೇಕಾಗುತ್ತದೆ. ಹೇಳಿಬಿಡುತ್ತೇನೆ. ನಿಮ್ಮ ಮುಂದೆ ಮುಚ್ಚಿಡುವುದೇನಿದೆ?

ಅಂತರಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ಒಂದು ವಿಶ್ವಕೋಶ ಇರುವುದು ನಿಮಗೆ ಗೊತ್ತು. ಮಕ್ಕಳು ಹೋಮ್‌ವರ್ಕಿಗೆ ಅಲ್ಲಿಂದ ನಕಲು ಮಾಡುತ್ತಾರೆ, ದೊಡ್ಡವರು ವಾದಕ್ಕೆ. ಹೈಸ್ಕೂಲಿನ ಮಾಸ್ತರಿಕೆಯಿಂದ ನಿವೃತ್ತಳಾಗಿ ಬೆಟಗೇರಿಯ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ನನಗೆ, ಅದಕ್ಕೆ ಬರೆಯುವುದನ್ನು ಕಲಿಸುವ ಶಿಬಿರ ಗದಗಿನಲ್ಲಿ ನಡೆಯುತ್ತದೆಂದು ಗೊತ್ತಾಯಿತು. ಹೋದೆ. ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ, ಪೆನ್ನು ತೆಗೆದು ತಯಾರಾಗಿ ಕೂತಿದ್ದವಳು ಸುನಂದಾ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಬದುಕಿನಲ್ಲಿ ನಾನು ಎಲ್ಲಿಗೆ ಹೋದರೂ ಅವಳು ಒಂದು ಸಾಲು ಮುಂದೆ ಕೂತಿರುತ್ತಾಳೆ. ಅವಳ ಮನೆ ಗದಗಿನಲ್ಲಿ, ನನ್ನದು ಬೆಟಗೇರಿಯಲ್ಲಿ. ಎರಡಕ್ಕೂ ಒಂದೇ ನಗರಸಭೆ. ಆದರೆ ಬಸ್ಸಿನ ಬೋರ್ಡಿನ ಮೇಲೆ, ಸರಕಾರಿ ಕಾಗದದ ಮೇಲೆ, ಎಲ್ಲ ಕಡೆಯೂ 'ಗದಗ-ಬೆಟಗೇರಿ'. ಯಾವನಾದರೂ ಒಂದು ದಿನ ಮರೆತಾದರೂ 'ಬೆಟಗೇರಿ-ಗದಗ' ಎಂದು ಬರೆದದ್ದನ್ನು ನಾನು ಕಂಡಿಲ್ಲ.

ಈ ವಿಶ್ವಕೋಶದಲ್ಲಿ ಒಂದು ಪದ್ಧತಿ ಇದೆ. ಲೇಖನ ಚೆನ್ನಾಗಿದೆ ಎನ್ನಿಸಿದರೆ ಬರೆದವರು ಅದನ್ನು ಪರಿಶೀಲನೆಗೆ ಒಪ್ಪಿಸುತ್ತಾರೆ. ಇನ್ನೊಬ್ಬರು ಸಾಲು ಸಾಲು ಓದಿ, ಇದಕ್ಕೆ ಆಧಾರ ಎಲ್ಲಿದೆ, ಈ ಮಾತು ಪಕ್ಷಪಾತವಲ್ಲವೇ ಎಂದು ಕೇಳಿ, ಸಮಾಧಾನವಾದರೆ ಒಂದು ಹಸಿರು ಗುರುತು ಹಾಕುತ್ತಾರೆ. ಕನ್ನಡದಲ್ಲಿ ಬರೆಯುವವರೇ ಕಡಿಮೆ, ಪರಿಶೀಲಿಸುವವರು ಇನ್ನೂ ಕಡಿಮೆ. ಹಾಗಾಗಿ ಮೊನ್ನೆ 'ಚುನಾಯಿತರನ್ನು ಅವಧಿಯ ನಡುವೆ ಇಳಿಸುವ ಮತದಾನಗಳು' ಎಂಬ ವರ್ಗದಲ್ಲಿ ಒಂದು ಲೇಖನ ಬಂದಾಗ ಅದು ನನ್ನ ಪಾಲಿಗೆ ಬಿತ್ತು. ಹೊರದೇಶಗಳಲ್ಲಿ ಆರಿಸಿ ಕಳಿಸಿದವರನ್ನು ಜನರೇ ಮತ ಹಾಕಿ ವಾಪಸು ಕರೆಸಿಕೊಳ್ಳುತ್ತಾರಂತೆ. ಅಂಥ ದೊಡ್ಡ ದೊಡ್ಡ ಊರುಗಳ ಸಾಲಿನಲ್ಲಿ, ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವೆ ಇರುವ ನಮ್ಮೂರ ಹೆಸರು! ನಮ್ಮೂರ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇಳಿಸಲು ಇಪ್ಪತ್ತು ವರ್ಷದ ಹಿಂದೆ ತಂದ ಅವಿಶ್ವಾಸದ ಕಥೆ ಅದು. ಆ ಅಧ್ಯಕ್ಷರು ನಮ್ಮ ಅತ್ತೆ. ಲೇಖನ ಬರೆದವಳು ಸುನಂದಾ.

ಓದುವ ಮೊದಲೇ ನನಗೆ ಸಿಟ್ಟು ಬಂತು. ಇದನ್ನು ಬರೆಯಬೇಕೆಂದು ನಾನು ಅಂದುಕೊಂಡಿದ್ದೆ. ಅಂದುಕೊಂಡು ಅಂದುಕೊಂಡು, ನಾಳೆ ಬರೆದರಾಯಿತು ಎಂದು ಸೊರಟೂರಿನ ಬಗ್ಗೆ ಬರೆದೆ, ಬಾಳೆಹೊಸೂರಿನ ಬಗ್ಗೆ ಬರೆದೆ, ಕುಸುಬಿ ಬೆಳೆಯ ಬಗ್ಗೆ ಕೂಡ ಬರೆದೆ. ಸುನಂದಾ ಸುಮ್ಮನೆ ಕೂತು ಕಣಜಕ್ಕೇ ಕೈ ಹಾಕಿದ್ದಳು.

ತಮ್ಮ ಹತ್ತಿರದವರ ಬಗ್ಗೆ ಬರೆಯಬಾರದು, ಪರಿಶೀಲಿಸಲೂಬಾರದು ಎಂಬ ನಿಯಮವೂ ಅಲ್ಲಿದೆ. ನನಗೆ ಸಂತೋಷವೇ ಆಯಿತು. ಲೇಖನವನ್ನು ತಳ್ಳಿಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಉಸ್ತುವಾರಿ ನೋಡುವ ಹುಡುಗನಿಗೆ ಬರೆದೆ: ಲೇಖಕಿ ಅಧ್ಯಕ್ಷರ ಸೊಸೆ. ಅವನು ಬರೆದ, ಅದನ್ನು ಅವರೇ ಮೊದಲ ಸಾಲಿನಲ್ಲಿ ತಿಳಿಸಿದ್ದಾರೆ, ನೀವು ಬೇರೆಯವರಲ್ಲವೇ, ಪರಿಶೀಲಿಸಿ. ನಾನು ಬರೆದೆ: ನಾನೂ ಸೊಸೆಯೇ, ಹಿರಿಯವಳು. ಆಮೇಲೆ, "ನಿಮ್ಮ ಜಿಲ್ಲೆಯಲ್ಲಿ ಸಂಬಂಧವಿಲ್ಲದವರು ಒಬ್ಬರು ಸಿಕ್ಕರೆ ತಿಳಿಸಿ ಮೇಡಂ. ಅಲ್ಲಿಯವರೆಗೆ ನೀವೇ ನೋಡಿ, ನಾನು ಮೇಲೊಮ್ಮೆ ಕಣ್ಣಾಡಿಸುತ್ತೇನೆ" ಎಂದು ಬಂತು. ಅವನು ಹೇಳಿದ್ದು ಸುಳ್ಳಲ್ಲ. ಶಿರಹಟ್ಟಿ ತಾಲೂಕಿನಲ್ಲಿ ಬೀಗರಲ್ಲದವರನ್ನು ಹುಡುಕಿ ಬರೆಸುವುದಾದರೆ ಆ ತಾಲೂಕು ವಿಶ್ವಕೋಶಕ್ಕೆ ಬರುವುದೇ ಬೇಡ.

ಓದಿದೆ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎನ್ನುತ್ತಾರಲ್ಲ, ಆ ಕಲ್ಲನ್ನು ಹುಡುಕಿಕೊಂಡೇ ಓದಿದೆ. ನಕಾಶೆ ಇಲ್ಲ ಎಂದು ಬರೆದೆ. ಒಂದು ಕಡೆ 'ಅವಿಶ್ವಾಸ ಗೊತ್ತುವಳಿ' ಎಂದಿದೆ, ಇನ್ನೊಂದು ಕಡೆ 'ನಿರ್ಣಯ' ಎಂದಿದೆ ಎಂದು ಬರೆದೆ. ಅಂದು ಸಂಜೆಗೇ ಸುನಂದಾ ಒಂದೊಂದನ್ನೂ ತಿದ್ದಿ, ಪ್ರತಿಯೊಂದರ ಕೆಳಗೂ "ಸರಿಪಡಿಸಲಾಗಿದೆ, ಧನ್ಯವಾದಗಳು" ಎಂದು ಬರೆದಿದ್ದಳು. ಜಗಳಕ್ಕೆ ಬಂದಿದ್ದರೆ ಬೇಕಿತ್ತು, ಧನ್ಯವಾದಗಳಂತೆ!

ನಮ್ಮ ಯಜಮಾನರು ಹಿಂದೆ ನಿಂತು ಓದಿ, "ಚೊಲೊ ಬರದಾಳಲ್ಲ. ಹಸಿರು ಗುರುತು ಹಾಕಿಬಿಡು. ನಿನ್ನ ಗಂಟೇನ ಹೋಗತೈತಿ?" ಎಂದರು.

"ನಿಮಗ ತಿಳಿಯಂಗಿಲ್ಲ, ಸುಮ್ನ ಕುಂಡ್ರಿ" ಎಂದೆ.

ಬರೆದದ್ದು ಚೆನ್ನಾಗಿತ್ತು ಎಂಬುದೇ ನನ್ನ ಗಂಟು. ಅವಿಶ್ವಾಸದ ಸಭೆಗೆ ಎದುರಾಳಿ ಸದಸ್ಯರು ಒಳಗೆ ಬಂದಾಗ ಅತ್ತೆ ಹೇಳಿದ ಮಾತನ್ನು ಅವಳು ಹಳೆಯ ಪತ್ರಿಕೆಯೊಂದರಿಂದ ಹುಡುಕಿ ತಂದು ಹಾಕಿದ್ದಳು: "ಕುಂಡ್ರಿ, ನೀರ ಕುಡೀರಿ. ಆಮ್ಯಾಲ ಇಳಸೀರಂತ." ಓದುತ್ತಿದ್ದಂತೆ ಅತ್ತೆಯ ದನಿ ಕಿವಿಗೆ ಬಂದು ನನ್ನ ಕಣ್ಣು ತುಂಬಿದವು. ಕಣ್ಣೊರೆಸಿಕೊಂಡ ಮೇಲೆ ಮತ್ತೆ ಸಿಟ್ಟು ಬಂತು. ಅತ್ತೆಯ ಮಾತು ಕೇಳಿ ಅಳಬೇಕಾದರೂ ನಾನು ಇವಳ ಲೇಖನ ಓದಬೇಕಾಯಿತಲ್ಲ ಎಂದು.

ಹೊಟ್ಟೆಕಿಚ್ಚು ನನಗೆ ಸೊಸೆಯಾಗಿ ಬಂದ ಮೇಲೆ ಬಂದದ್ದು ಎಂದುಕೊಳ್ಳಬೇಡಿ, ತವರಿನಿಂದ ತಂದದ್ದು. ಲಕ್ಷ್ಮೇಶ್ವರದಲ್ಲಿ ನಾನು ಸಣ್ಣವಳಿದ್ದಾಗ ಪಂಚಮಿ ಬಂದರೆ ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಮಾಡಿ ನನಗೂ ಅಕ್ಕನಿಗೂ ಸಮ ಹಂಚುತ್ತಿದ್ದಳು. ನಾನು ನನ್ನ ಉಂಡಿಯನ್ನು ಒಂದು ಕೈಯಲ್ಲಿ, ಅಕ್ಕನ ಉಂಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದೆ. ಯಾವಾಗಲೂ ಅಕ್ಕನದೇ ಭಾರ. ಬದಲಾಯಿಸಿ ಕೊಟ್ಟರೆ ಬದಲಾಯಿಸಿದ ಕೂಡಲೇ ಅವಳ ಕೈಗೆ ಹೋದದ್ದು ಭಾರವಾಗುತ್ತಿತ್ತು. ಜೋಕಾಲಿಯಲ್ಲೂ ಅಷ್ಟೇ, ಅವಳು ಕೂತಾಗ ಹಗ್ಗ ಮುಗಿಲಿಗೆ ಹೋಗುತ್ತಿತ್ತು, ನಾನು ಕೂತರೆ ಟೊಂಗೆ ಕಿರಗುಟ್ಟುತ್ತಿತ್ತು. ಒಮ್ಮೆ ಅಕ್ಕನಿಗೆ ಗೊಬ್ಬರ, ಅಂದರೆ ದಡಾರ, ಬಂದು ಮೈತುಂಬ ಎದ್ದಿತ್ತು. ಮನೆಯವರೆಲ್ಲ ಅವಳಿಗೆ ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸುವುದನ್ನು ಕಂಡು ನಾನು, "ನನಗ್ಯಾವಾಗ ಬರತಾವಬೇ ಗೊಬ್ಬರ?" ಎಂದು ಅತ್ತದ್ದನ್ನು ನಮ್ಮ ಮನೆಯಲ್ಲಿ ಈಗಲೂ ಹೇಳಿ ನಗುತ್ತಾರೆ.

ಇಂಥವಳು ದೊಡ್ಡ ಮನೆಗೆ ಹಿರಿಯ ಸೊಸೆಯಾಗಿ ಹೋದೆ. ಕೆಲವು ವರ್ಷಗಳ ಮೇಲೆ ಸೊರಟೂರಿನಿಂದ ಸುನಂದಾ ಕಿರಿಯ ಸೊಸೆಯಾಗಿ ಬಂದಳು. ಬಂದ ಮೊದಲ ವಾರವೇ ಅವಳು ಬಡಿದ ಬಿಳಿಜೋಳದ ರೊಟ್ಟಿಯನ್ನು ನಮ್ಮ ಮಾವ ಬೆಳಕಿಗೆ ಹಿಡಿದು, "ಆ ಕಡಿ ಗ್ವಾಡಿ ಕಾಣತೈತಿ ನೋಡ್ರಿ" ಎಂದರು. ನನ್ನ ರೊಟ್ಟಿಯ ಆಚೆ ಗೋಡೆ ಎಂದೂ ಕಂಡಿರಲಿಲ್ಲ. ನನ್ನ ಕೈ ಪಳಗಿದ್ದು ಸಜ್ಜೆಗೆ. ಎಳ್ಳು ಹಚ್ಚಿ, ಖಡಕ್ಕಾಗಿ ಸುಟ್ಟು ಇಟ್ಟರೆ ತಿಂಗಳಾದರೂ ಕಟುಂ ಎನ್ನುವ ರೊಟ್ಟಿ. ಆದರೆ ಸಜ್ಜೆ ರೊಟ್ಟಿಯನ್ನು ಯಾರೂ ಬೆಳಕಿಗೆ ಹಿಡಿಯುವುದಿಲ್ಲ.

ಮುಂದೆ ಅಣ್ಣತಮ್ಮಂದಿರು ಬೇರೆಯಾದರು. ಮನೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾದವು. ಪಾತ್ರೆ ಪಡಗ ಹಂಚುವಾಗ ಅತ್ತೆ ಒಂದು ಕೆಲಸ ಮಾಡಿದರು. ಮನೆಯಲ್ಲಿ ತಲೆತಲಾಂತರದಿಂದ ಬಂದ, ರೊಟ್ಟಿ ಸುಡುವ ಒಂದು ಕಬ್ಬಿಣದ ಹಂಚಿತ್ತು. ನಡುವೆ ಬೆರಳು ಒತ್ತಿದಷ್ಟು ತಗ್ಗು. ಅದರ ಮೇಲೆ ಸುಟ್ಟ ಪ್ರತಿ ರೊಟ್ಟಿಯ ನಡುವೆಯೂ ಒಂದು ಕಪ್ಪು ಬೊಟ್ಟು ಬೀಳುತ್ತಿತ್ತು. ಬೊಟ್ಟಿದ್ದರೆ ಅದು ನಮ್ಮ ಮನೆಯ ರೊಟ್ಟಿ ಎಂದು ಊರಿಗೇ ಗೊತ್ತು. ಆ ಹಂಚನ್ನು ಅತ್ತೆ ಸುನಂದಾಳ ಪಾಲಿಗೆ ಹಾಕಿದರು. ನನಗೆ ರೊಟ್ಟಿ ಬಡಿಯುವ ಹಳೆಯ ಕಲ್ಲು ಕೊಟ್ಟರು. ಗಂಡಸರಿಗೆ ಹೊಲ ಹೇಗೆ ಪಾಲಾಯಿತೆಂದು ನಾನು ಕೇಳಲಿಲ್ಲ. ಹಂಚು ಅವಳಿಗೆ ಹೋಯಿತೆಂದು ಅನ್ನ ಬಿಟ್ಟೆ. ಗದಗಿನ ಪೇಟೆಯಿಂದ ಹೊಸ ಹಂಚು ತಂದೆ, ರೊಟ್ಟಿ ಅದಕ್ಕೆ ಅಂಟಿಕೊಂಡು ಕೂತಿತು. ಒಂದು ಮಾತಿಗೆ ಒಂದು ಮಾತು ಬೆಳೆದು ನನಗೂ ಸುನಂದಾಳಿಗೂ ಮಾತು ನಿಂತೇಹೋಯಿತು. ಓಣಿಯ ಹಿರಿಯರು ಬಂದು ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿದರು. ಎದುರು ಮನೆಯ ಫಕ್ಕೀರಪ್ಪ ಕಾಕಾ ಅಂತೂ ತಮ್ಮ ಖರ್ಚಿನಲ್ಲಿ ಇನ್ನೊಂದು ಹಂಚು ಕೊಡಿಸುತ್ತೇನೆ ಎಂದರು. ನನಗೆ ಬೇಕಾದದ್ದು ಹಂಚಲ್ಲ, ಅತ್ತೆ ನನಗೆ ಕೊಟ್ಟ ಹಂಚು ಎಂದು ಗಂಡಸರಿಗೆ ತಿಳಿಸಿ ಹೇಳುವುದು ಹೇಗೆ?

ಅದೇ ದಿನಗಳಲ್ಲಿ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿ ಬಂದು ಅತ್ತೆ ಅಧ್ಯಕ್ಷರಾದರು. ಅತ್ತೆ ಪಂಚಾಯಿತಿಯನ್ನು ಅಡುಗೆಮನೆಯಂತೆ ನಡೆಸಿದರು. ತಡವಾಗಿ ಬಂದ ಸದಸ್ಯರಿಗೆ ಚಹಾ ಇಲ್ಲ. ಹೊಸ ನಳ ಬಂದಾಗ ಸದಸ್ಯರ ಮನೆ ಮುಂದೆ ಹಾಕಿಸದೆ ಹಿಂದಿನ ಓಣಿಗೆ ಹಾಕಿಸಿದರು. ಒಂದು ದಿನ ಹೆಚ್ಚಿನ ಸದಸ್ಯರು ಕೂಡಿ ಅವಿಶ್ವಾಸಕ್ಕೆ ಸಹಿ ಮಾಡಿ ಕೊಟ್ಟರು. ಸಭೆ ಆಗುವವರೆಗೆ ಯಾರೂ ಮನಸ್ಸು ಬದಲಿಸದಿರಲಿ ಎಂದು ಎಲ್ಲರೂ ಒಂದು ಟ್ರ್ಯಾಕ್ಸ್ ಹತ್ತಿ, ಹೊಳೆದಂಡೆಯ ಹಮ್ಮಿಗಿಯಲ್ಲಿದ್ದ ಒಬ್ಬರ ತೋಟದ ಮನೆಗೆ ಹೋಗಿ ಕೂತರು. ದೊಡ್ಡ ರಾಜಕಾರಣಿಗಳು ರೆಸಾರ್ಟಿಗೆ ಹೋಗುವುದನ್ನು ನೀವು ಟೀವಿಯಲ್ಲಿ ನೋಡಿದ್ದೀರಿ, ಇವರು ಹಾಸಿಗೆ ಕಟ್ಟಿಕೊಂಡು ಹಮ್ಮಿಗಿಗೆ ಹೋದರು. ಅವರಲ್ಲಿ ಫಕ್ಕೀರಪ್ಪ ಕಾಕಾ ಕೂಡ ಇದ್ದರು. ಎದುರು ಮನೆಯವರೇ ಹೀಗೆ ಮಾಡಿದರಲ್ಲ ಎಂದು ನಮಗೆಲ್ಲ ಸಂಕಟ.

ಇಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯ ಮುನ್ನ ರೊಟ್ಟಿ ಹಬ್ಬ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಅದಕ್ಕೇ ಮೊದಲೇ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಸುಟ್ಟು, ಕಾಳುಪಲ್ಯ, ಎಣಗಾಯಿ, ಗುರೆಳ್ಳು ಚಟ್ನಿ ಜೊತೆಗೆ ಮನೆಮನೆಗೆ ಬೀರುತ್ತೇವೆ. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ಕೊಡದೆ ಇರುವಂತೆಯೂ ಇಲ್ಲ.

"ಅತ್ತಿ, ಸಹಿ ಮಾಡಿದವರ ಮನಿಗೂ ಬೀರೂದೇನ್ರಿ?" ಎಂದು ಕೇಳಿದೆ.

"ಯಾಕ? ಅವರು ನನ್ನ ಕುರ್ಚಿ ಕೇಳ್ಯಾರ, ನನ್ನ ರೊಟ್ಟಿ ಒಲ್ಲೆ ಅಂದಿಲ್ಲ. ಮತ್ತ ಇನ್ನೊಂದು ಹೇಳ್ತೀನಿ ಕೇಳು. ಮಳಿಗೆ ಕಟಗಿ ತೊಯ್ದಾವು. ಎರಡ ಒಲಿಗೆ ಸಾಲಂಗಿಲ್ಲ. ಇಬ್ರೂ ಸುನಂದಾನ ಒಲಿ ಮುಂದ ಕುಂಡ್ರಿ."

ನಾನು ಒಲ್ಲೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, "ನನ್ನ ಇಳಸಾಕ ಊರ ನಿಂತೈತಿ, ನೀನೂ ಒಂದ ಕೈ ಹಚ್ಚು" ಎಂದರು ಅತ್ತೆ. ನಾನು ನನ್ನ ಕಲ್ಲನ್ನು ಎತ್ತಿಕೊಂಡು ಗೋಡೆಯಾಚೆ ಹೋದೆ. ಎರಡು ವರ್ಷದ ಮೇಲೆ ಆ ಹಂಚಿನ ಮುಖ ನೋಡಿದೆ.

ಆ ದಿನದ ಚಂದವನ್ನು ಏನು ಹೇಳಲಿ. ನಾನು ಸಜ್ಜೆ ಬಡಿಯುತ್ತಿದ್ದೆ, ಅವಳು ಜೋಳ ಬಡಿಯುತ್ತಿದ್ದಳು. ಒಬ್ಬರ ಮೊಣಕೈ ಒಬ್ಬರಿಗೆ ತಾಗುತ್ತಿತ್ತು. ನಡುವೆ ಅತ್ತೆ.

"ಅತ್ತಿ, ಬೆಂಕಿ ಸಣ್ಣ ಮಾಡಾಕ ಹೇಳ್ರಿ ಅಕಿಗೆ. ನನ್ನ ರೊಟ್ಟಿ ಹತ್ತಾಕತ್ತಾವು."

"ಸುನಂದಾ, ಬೆಂಕಿ ಸಣ್ಣ ಮಾಡಬೇಕಂತ."

"ಜ್ವಾಳದ ರೊಟ್ಟಿಗೆ ಇಷ್ಟ ಬೆಂಕಿ ಬೇಕು ಅಂತ ಹೇಳ್ರಿ ಅತ್ತಿ."

"ಬೇಕಂತವ್ವಾ ಗಿರಿಜಾ."

ತಾಲ್ಲೂಕು ಕಚೇರಿಯ ಅರ್ಜಿಯಂತೆ ನಮ್ಮ ಮಾತು ಅತ್ತೆಯ ಮೇಜಿನ ಮೇಲೆ ಹಾದೇ ಹೋಗುತ್ತಿತ್ತು. ಹೊರಗೆ ಊರು ಅವರ ಕುರ್ಚಿ ಎಳೆಯುತ್ತಿದ್ದರೆ ಅಧ್ಯಕ್ಷರು ಒಳಗೆ ಕೂತು ಇದನ್ನು ಮಾಡುತ್ತಿದ್ದರು. ಸುಟ್ಟ ರೊಟ್ಟಿಗಳನ್ನು ತಾವೇ ಜೋಡಿಸಿಡುತ್ತಿದ್ದರು, ಒಂದು ಜೋಳದ್ದು, ಅದರ ಮೇಲೊಂದು ಸಜ್ಜೆಯದು.

"ಬ್ಯಾರೆ ಬ್ಯಾರೆ ಇಡ್ರಿ ಅತ್ತಿ, ಎಳ್ಳು ಉದುರತಾವು" ಎಂದೆ.

"ಹೌದ್ರಿ ಅತ್ತಿ, ನನ್ನ ರೊಟ್ಟಿಗೆಲ್ಲಾ ಎಳ್ಳು ಹತ್ತತಾವು" ಎಂದಳು ಸುನಂದಾ. ಅಂದು ನಮ್ಮಿಬ್ಬರ ಮಾತು ಕೂಡಿದ್ದು ಅದೊಂದೇ.

"ನನಗ ಕಣ್ಣ ಸರಿಯಾಗಿ ಕಾಣವಲ್ವು. ಕೈಗೆ ಸಿಕ್ಕಿದ್ದ ಇಡತೀನಿ" ಎಂದರು ಅತ್ತೆ.

ರೊಟ್ಟಿ ಎಲ್ಲ ಮನೆಗೂ ಹೋಯಿತು. ಫಕ್ಕೀರಪ್ಪ ಕಾಕಾನ ಮನೆಗೂ ಹೋಯಿತು. ಹಬ್ಬದಲ್ಲಿ ಮನೆ ಬಿಟ್ಟು ಹೋಗಿ ಕೂತ ಗಂಡನ ಮೇಲೆ ಸಿಟ್ಟಾಗಿದ್ದ ಕಾಕಾನ ಹೆಂಡತಿ ಕಾಕು, ತಾನು ಮಾಡಿದ್ದನ್ನು ಕಳಿಸದೆ, ನಮ್ಮ ಮನೆಯಿಂದ ಹೋದ ಗಂಟನ್ನು ಬಿಚ್ಚದೆ ಹಾಗೆಯೇ ಹಮ್ಮಿಗಿಗೆ ಕಳಿಸಿಬಿಟ್ಟರಂತೆ. ಹಬ್ಬ ಕಳೆದು ಸಭೆ ನಡೆಯಿತು. ಇಳಿಸಬೇಕೆನ್ನುವವರು ಕೈ ಎತ್ತಿ ಎಂದು ಗದಗಿನಿಂದ ಬಂದ ಸಾಹೇಬರು ಹೇಳಿದಾಗ, ಫಕ್ಕೀರಪ್ಪ ಕಾಕಾ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಮೇಲಿನ ಫ್ಯಾನು ನೋಡುತ್ತ ಕೂತರು. ಅವರನ್ನು ನೋಡಿ ಪಕ್ಕದ ಇಬ್ಬರೂ ಕೈ ಎತ್ತಲಿಲ್ಲ. ಅವಿಶ್ವಾಸ ಬಿದ್ದುಹೋಯಿತು. ಹೊರಗೆ ಬಂದಾಗ ಪತ್ರಿಕೆಯವನೊಬ್ಬ, ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಕಾಕಾ ಹೇಳಿದ್ದು ಇಷ್ಟೇ: "ರೊಟ್ಟಿ ತಿಂದೇವಪಾ."

ಆ ಮಾತು ಪತ್ರಿಕೆಯಲ್ಲಿ ಬಂತು. ಉಂಡ ಮನೆಗೆ ಎರಡು ಬಗೆಯದ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಅತ್ತೆ ಅವಧಿ ಪೂರ್ತಿ ಆಳಿದರು. ಆ ಹಬ್ಬದ ನಂತರ ನನಗೂ ಸುನಂದಾಳಿಗೂ ಮಾತು ಬಂತು. ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ಹೇಳಲಾರೆ. ಅತ್ತೆ ತೀರಿಕೊಂಡು, ಹಳ್ಳಿಯ ಮನೆ ಬಿಟ್ಟು, ಅವಳು ಗದಗಿಗೆ ನಾನು ಬೆಟಗೇರಿಗೆ ಬಂದ ಮೇಲೂ ಅದು ನನ್ನ ಜೊತೆಗೇ ಬಂದಿತ್ತು.

ಈಗ ಲೇಖನಕ್ಕೆ ಬರೋಣ. ಅಲ್ಲಿ ಸುನಂದಾ ಬರೆದಿದ್ದ ಸಾಲು ಇದು: 'ಅಧ್ಯಕ್ಷೆಯ ಮನೆಯಿಂದ ಬಂದ ಬಿಳಿಜೋಳದ ಖಡಕ್ ರೊಟ್ಟಿಯ ಋಣಕ್ಕೆ ಕಟ್ಟುಬಿದ್ದು ಮೂವರು ಸದಸ್ಯರು ಕೈ ಎತ್ತಲಿಲ್ಲ.' ಪಕ್ಕದಲ್ಲಿ ಆ ಹಂಚಿನ ಚಿತ್ರ ಬೇರೆ.

ಬಿಳಿಜೋಳದ! ಪತ್ರಿಕೆಯಲ್ಲಿ ಬಂದದ್ದು 'ರೊಟ್ಟಿ' ಎಂದು ಮಾತ್ರ. ಹಾಗಾದರೆ ನನ್ನ ಸಜ್ಜೆ ರೊಟ್ಟಿ ಎಲ್ಲಿ ಹೋಯಿತು? ಹೊಗೆ ಕುಡಿದು, ಕಣ್ಣುರಿ ತಿಂದು, ಮಾತಾಡದವಳ ಪಕ್ಕದಲ್ಲಿ ಕೂತು ಸುಟ್ಟ ರೊಟ್ಟಿ? 'ಬಿಳಿಜೋಳದ' ಎಂಬುದರ ಪಕ್ಕದಲ್ಲಿ 'ಆಧಾರ ಬೇಕು' ಎಂದು ಬರೆದೆ. ನಿಯಮದ ಪ್ರಕಾರ ಅಷ್ಟೇ ಸಾಕಿತ್ತು. ಅವಳು ಆ ಪದ ತೆಗೆಯುತ್ತಿದ್ದಳು, ಧನ್ಯವಾದಗಳು ಎನ್ನುತ್ತಿದ್ದಳು, ಮುಗಿಯುತ್ತಿತ್ತು. ಆದರೆ ಅದು ಬರೀ ರೊಟ್ಟಿಯಾಗಿ ಉಳಿಯುವುದು ನನಗೆ ಬೇಕಿರಲಿಲ್ಲ, ಸಜ್ಜೆಯ ರೊಟ್ಟಿ ಆಗಬೇಕಿತ್ತು. ಅತ್ತೆಯನ್ನು ಉಳಿಸಿದ್ದು ನನ್ನ ಕೈ ಎಂದು ಒಬ್ಬರಾದರೂ ಹೇಳಬೇಕಿತ್ತು. ಫಕ್ಕೀರಪ್ಪ ಕಾಕಾ ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಿತ್ತು. ಬೆಳಗ್ಗೆ ಎದ್ದು ಸಜ್ಜೆ ರೊಟ್ಟಿ ಸುಟ್ಟೆ, ಎಳ್ಳು ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ. ಒಂದನ್ನು ಕಡಿಯುತ್ತ ಲೇಖನವನ್ನು ಇನ್ನೊಮ್ಮೆ ನೋಡಿದೆ. ಆ ಎಳ್ಳು ಗುಂಡಿಯೊಳಗೆ ಹೋದದ್ದು ಆಗಲೇ.

"ಸಾಕ್ಷಿಗೆ ಲಂಚ ಒಯ್ಯಾಕತ್ತೀಯೇನು?" ಎಂದರು ಯಜಮಾನರು.

ನಾನು ಗಂಟು ಕಟ್ಟಿಕೊಂಡು ಹೊರಟೆ. ಮುಂಡರಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಒಂದೊಂದು ನಿಂತೂ ಇದ್ದವು. ತಿರುಗುವುದನ್ನು ಕಂಡು ನಿಂತದ್ದಕ್ಕೆ ಏನನ್ನಿಸುತ್ತದೆಯೋ ಎಂದು ಯೋಚಿಸುತ್ತ ಕೂತೆ.

ಕಾಕಾ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಹಲ್ಲು ಹೋಗಿದ್ದವು, ದನಿ ಹೋಗಿರಲಿಲ್ಲ.

"ಬಾರವ್ವಾ ಗಿರಿಜವ್ವಾ. ಎಷ್ಟ ದಿನಾ ಆತು. ಕುಂಡ್ರು. ಏನ ತಂದಿ ಗಂಟಿನ್ಯಾಗ?"

ಬಿಚ್ಚಿ ಮುಂದಿಟ್ಟೆ. ಒಂದನ್ನೆತ್ತಿ ನೋಡಿದರು, ಅದರ ಕೆಳಗಿನದನ್ನು ನೋಡಿದರು, ತಳದವರೆಗೂ ನೋಡಿದರು. "ಬರೇ ಸಜ್ಜಿವು ತಂದಿಯಲ್ಲ. ಜ್ವಾಳದ್ದು ಎಲ್ಲಿ?"

"ನಿಮಗೂ ಜ್ವಾಳದ್ದ ಬೇಕೇನ್ರಿ ಕಾಕಾ? ಅವತ್ತು ಹಮ್ಮಿಗಿಗೆ ಬಂದಿದ್ವಲ್ಲ, ಅವು ಜ್ವಾಳದ್ದೋ ಸಜ್ಜಿವೋ? ಖರೆ ಹೇಳ್ರಿ. ಯಾವ ರೊಟ್ಟಿ ಉಂಡು ನೀವು ಕೈ ಎತ್ತಲಿಲ್ಲ?"

"ಇದನ್ನ ಕೇಳಾಕ ಬೆಟಗೇರಿಯಿಂದ ಬಂದಿಯೇನ?"

"ಹೌದ್ರಿ."

ಕಾಕಾ ಬೊಚ್ಚುಬಾಯಿ ಬಿಟ್ಟು ನಕ್ಕರು. ಮಗಳನ್ನು ಕರೆದು ನನಗೆ ಚಹಾ ಹೇಳಿದರು. ಆಮೇಲೆ ನಿಧಾನಕ್ಕೆ ಶುರುಮಾಡಿದರು.

"ಎರಡೂ ಇದ್ವು ತಂಗಿ. ಒಂದು ಜ್ವಾಳದ್ದು, ಒಂದು ಸಜ್ಜಿದು, ಒಂದರ ಮ್ಯಾಲೊಂದು. ನಾ ಗಂಟ ಬಿಚ್ಚಿದವ ಹಂಗ ನೋಡ್ಕೋತ ಕುಂತೆ. ಯಾಕಂದ್ರ ಎಳ್ಳು ಹಚ್ಚಿದ್ದು ನಿಂದು, ತೆಳ್ಳಂದು ಸುನಂದಾಂದು, ಅದು ಓಣಿಗೆಲ್ಲಾ ಗೊತ್ತು. ಆದರ ಎರಡರ ನಡಕೂ ಆ ಹಂಚಿನ ಕಪ್ಪು ಬೊಟ್ಟು ಬಿದ್ದಿತ್ತು. ಎರಡೂ ಒಂದ ಹಂಚಿನ ಮ್ಯಾಲ ಸುಟ್ಟಿದ್ವು!"

"ಹೌದ್ರಿ. ಕಟಗಿ ತೊಯ್ದಿದ್ವು."

"ಕಟಗಿ! ನಾವು ನಿಮ್ಮ ಕಟ್ಟಿ ಮ್ಯಾಲ ಕುಂತು ಎಷ್ಟ ಬುದ್ಧಿ ಹೇಳಿದ್ವಿ, ಕೇಳಿದ್ರೇನು? ನಾ ಹೊಸಾ ಹಂಚು ಕೊಡಸ್ತೀನಿ ಅಂದ್ರೂ ಕೇಳಲಿಲ್ಲ. ನೂರು ಜುಟ್ಟು ಕೂಡಬಹುದು, ಎರಡು ಜಡಿ ಕೂಡಂಗಿಲ್ಲ ಅಂತ ನಾವು ಕೈ ತೊಳಕೊಂಡು ಎದ್ದು ಬಂದಿದ್ವಿ. ಅಂಥಾ ನಿಮ್ಮಿಬ್ಬರನ್ನ ಆಕಿ ಒಂದ ಒಲಿ ಮುಂದ ಕುಂಡ್ರಿಸಿ ರೊಟ್ಟಿ ಬಡಸ್ಯಾಳ. ನಾ ನನ್ನ ಜೋಡಿ ಇದ್ದವರಿಗೆ ತೋರಿಸಿ ಅಂದೆ, ನೋಡ್ರಲೇ ಇದನ್ನ. ಈ ಕೆಲಸಾ ನಮ್ಮ ಕೈಲೆ ಆಗಲಿಲ್ಲ. ನಾಳೆ ಈಕಿನ್ನ ಇಳಿಸಿ ಆ ಕುರ್ಚ್ಯಾಗ ನಮ್ಮಾಗ ಯಾರ ಕುಂಡ್ರಾವ್ರು? ಒಂದು ಮನಿ ಜಗಳಾ ಬಗಿಹರಸಾಕ ಬರಲಾರದವ್ರು ಊರೇನ ನಡಸ್ತೀವಿ? ಆತು, ಅಲ್ಲಿಗೆ ಮುಗೀತು."

ಚಹಾ ಬಂತು. ನಾನು ಅದನ್ನು ಅವರ ಮುಂದೆಯೇ ಸರಿಸಿದೆ. "ಮತ್ತ ಪೇಪರಿನವರಿಗೆ ರೊಟ್ಟಿ ತಿಂದೇವಿ ಅಂದ್ರಿ?"

"ಮತ್ತೇನ ಅನ್ನಬೇಕಿತ್ತು? ಅಧ್ಯಕ್ಷರ ಸೊಸ್ತ್ಯಾರ ಜಗಳಾ ಹಿಂಗಿಂಗ ಇತ್ತಪಾ ಅಂತ ಪೇಪರಿನ್ಯಾಗ ಹಾಕಸಬೇಕಿತ್ತೇನ? ನಿಮ್ಮ ಮರ್ಯಾದಿ ಉಳಿಬೇಕಲ್ಲವ್ವಾ."

ನನ್ನ ರೊಟ್ಟಿಯನ್ನು ಮುರಿದು ಚಹಾದಲ್ಲಿ ನೆನೆಸಿ ತಿಂದರು. ಚೆನ್ನಾಗಿದೆ ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡೆ, ಕಟ್ಟೆ ಇಳಿದೆ. ಇಷ್ಟೆಲ್ಲ ಕೇಳಿದ ಮೇಲೆ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ನಡೆಯುವುದು ಮರ್ಯಾದಸ್ಥರ ಲಕ್ಷಣ. ನಾನು ತಿರುಗಿ ನಿಂತೆ.

"ಕಾಕಾ, ಎಲ್ಲಾಕಿಂತ ಮ್ಯಾಲ ಯಾವುದಿತ್ರಿ?"

ಅವರು ಒಂದು ಕ್ಷಣವೂ ತಡೆಯದೆ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವಂತಿಲ್ಲ, ಅದಕ್ಕೆ ಲಿಖಿತ ಆಧಾರವಿಲ್ಲ.

ಬಸ್ಸಿನಲ್ಲಿ ಬರುವಾಗ ಅತ್ತೆಯೇ ಕಣ್ಣ ಮುಂದೆ. ಊರಾಚೆ ಮೇಯುವ ಎಮ್ಮೆ ಯಾರದೆಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಹೆಂಗಸಿಗೆ ಅಂದು ರೊಟ್ಟಿ ಬೇರೆ ಮಾಡಿ ಇಡಲು ಕಣ್ಣು ಕಾಣಲಿಲ್ಲವಂತೆ. ಹಂಚು ಒಬ್ಬಳಿಗೆ, ಕಲ್ಲು ಒಬ್ಬಳಿಗೆ ಕೊಟ್ಟದ್ದರಲ್ಲೂ ಏನಾದರೂ ಇತ್ತೋ, ಅಥವಾ ನಾನೇ ಈಗ ಹುಡುಕುತ್ತಿದ್ದೇನೋ, ಕೇಳೋಣವೆಂದರೆ ಅವರಿಲ್ಲ. ನನ್ನ ಎರಡು ವರ್ಷದ ಸಿಟ್ಟು, ಅನ್ನ ಬಿಟ್ಟದ್ದು, ಅತ್ತದ್ದು, ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಹಮ್ಮಿಗಿಗೆ ಹೋಗಲು ಬಿಟ್ಟು ತಮ್ಮ ಕುರ್ಚಿ ಉಳಿಸಿಕೊಂಡರಲ್ಲ! ಬಸ್ಸಿನಲ್ಲಿ ಕೂತು ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ನನ್ನ ಹೊಟ್ಟೆಕಿಚ್ಚು ನನಗೆ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ.

ಮನೆಗೆ ಬಂದು ಸುನಂದಾಳಿಗೆ ಫೋನ್ ಮಾಡಿದೆ. ಕಾಕಾ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮೂಗು ಸೇದಿಕೊಂಡ ಸದ್ದು ಕೇಳಿಸಿತು.

"ಅಕ್ಕಾ," ಎಂದಳು, "ಹಂಗಾದ್ರ ನಾವಿಬ್ರು ಜಗಳಾಡಿದ್ದಕ್ಕ ಅತ್ತಿ ಉಳದ್ರು ಅಂದಂಗಾತು."

"ಹಂಗ ಅನ್ನು."

"ಇದನ್ನ ಲೇಖನದಾಗ ಹಾಕೂಣೇನು?"

"ಬಾಯಿಮಾತು ನಡಿಯಂಗಿಲ್ಲ. ನಿಯಮ ಐತಿ."

"ಚೊಲೊ ಆತು ಬಿಡು" ಎಂದಳು. ನಾನೂ ಹಾಗೆಯೇ ಅಂದುಕೊಂಡೆ. ನಿಯಮಗಳನ್ನು ಮಾಡಿದವರು ಮನೆತನಸ್ಥರೇ ಇರಬೇಕು. "ನಾ 'ಬಿಳಿಜೋಳದ' ಅನ್ನೂದು ತಗದುಬಿಡ್ತೀನಿ ಅಕ್ಕಾ. ಬರೇ ರೊಟ್ಟಿ ಅಂತ ಇರಲಿ."

"ತಗದ ಬಿಡು. ಹಸಿರು ಗುರುತು ಹಾಕ್ತೀನಿ."

ಫೋನ್ ಇಡಬೇಕು, ಇಬ್ಬರೂ ಇಡಲಿಲ್ಲ. ನನಗೆ ಗೊತ್ತಿತ್ತು, ಅವಳು ಕೇಳುತ್ತಾಳೆ ಎಂದು. ಒಂದೇ ಹಂಚಿನ ಮುಂದೆ ಕೂತವರಲ್ಲವೇ.

"ಅಕ್ಕಾ, ಎಲ್ಲಾಕಿಂತ ಮ್ಯಾಲ ಯಾವುದಿತ್ತು ಅಂತ ಕೇಳಿದ್ಯೇನು?"

"ಕೇಳಿದೆ."

"ಏನಂದ್ರು?"

"ನೆನಪಿಲ್ಲಂತ" ಎಂದೆ.

ಗದಗಿನ ಕಡೆಯಿಂದ ಒಂದು ಸಣ್ಣ ನಗೆ ಕೇಳಿಸಿತು.

"ಹಂಗಾದ್ರ ಜ್ವಾಳದ್ದ ಇತ್ತು ಬಿಡಕ್ಕಾ."